ಮೀಸೆ ಮೀನಿನ ಮರಿಗಳ ಬಾಣಂತನ

(ವಾಚನಾಲಯದ ರವಿವಾರದ ಕೂಟದಲ್ಲಿ ಓದಿದ ಭಾಷಣ)



ಕಳೆದ ತಿಂಗಳು ಇದೇ ಜಾಗದಲ್ಲಿ ಭವಿಷ್ಯನಿಧಿಯ ಹಣವನ್ನು ಪಡೆಯುವ ಬಗೆಯನ್ನು ಕುರಿತು ಒಳ್ಳೆಯ ಉಪನ್ಯಾಸವಾಯಿತು. ಅದರ ಬೆನ್ನಿಗೇ ಮೀನಿನ ಮರಿಗಳ ವಿಷಯ ಮಾತನಾಡಲು ಎದ್ದು ನಿಂತ ನಮ್ಮನ್ನು ಕಂಡು ಕೆಲವರಿಗೆ ನಗು ಬಂದಿರಬಹುದು. ನಮಗೂ ಬಂದಿದೆ. ನಮ್ಮ ಕಾರ್ಯದರ್ಶಿಗಳು ಒಮ್ಮೆ ಹಳೆಯ ಮಾಸಪತ್ರಿಕೆಗಳನ್ನು ಒಯ್ಯಲು ನಮ್ಮ ಖೋಲಿಗೆ ಬಂದಿದ್ದರು. ಮೂಲೆಯಲ್ಲಿ ಗಾಜಿನ ತೊಟ್ಟಿ, ಅದರ ಪಕ್ಕದ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಓಡಾಡುತ್ತಿದ್ದ ಮರಿಗಳನ್ನು ಕಂಡು ಅರ್ಧ ತಾಸು ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. ಏಳುವಾಗ, "ಇದನ್ನೇ ಬಂದು ಹೇಳಿರಿ" ಎಂದರು. "ನಮ್ಮ ಕೈಯಲ್ಲಿ ಎರಡು ಸಲ ಎಲ್ಲ ಮರಿಗಳೂ ಸತ್ತಿವೆಯಲ್ಲ" ಎಂದೆವು. "ಹಾಗಾದರೆ ಅದನ್ನೇ ಮೊದಲು ಹೇಳಿರಿ" ಎಂದರು.

ನಾವು ಎಂದರೆ ಮೂವರು. ಕಾರ್ಕಳದವರು ಒಬ್ಬರು, ಹೊನ್ನಾವರದವರು ಒಬ್ಬರು, ಇಂಡಿ ತಾಲ್ಲೂಕಿನವರು ಒಬ್ಬರು. ಒಬ್ಬರಿಗೆ ಹೋಟೆಲಿನ ಗಲ್ಲೆ, ಒಬ್ಬರಿಗೆ ಆಫೀಸಿನ ಗುಮಾಸ್ತಿಕೆ, ಇಂಡಿಯವರಿಗೆ ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿ ಪಾಳಿ. ಮುಂಬಯಿಯಲ್ಲಿ ಒಂದೇ ಖೋಲಿಯಲ್ಲಿ ಇರುವವರು. ಬರೆದದ್ದು ಮೂವರೂ ಕೂಡಿ, ಓದುವವರು ಒಬ್ಬರು, ಉಳಿದಿಬ್ಬರು ಹಿಂದಿನ ಬಾಕಿನ ಮೇಲೆ ಕುಳಿತು, ತಪ್ಪಿದರೆ ತಿದ್ದಲು ಸಿದ್ಧರಾಗಿದ್ದಾರೆ.

ಮುಂಬಯಿಗೂ ಗಾಜಿನ ತೊಟ್ಟಿಯ ಮೀನಿಗೂ ಹಳೆಯ ನಂಟು. ಮರೀನ್ ಡ್ರೈವಿನ ತಾರಾಪೋರವಾಲಾ ಮತ್ಸ್ಯಾಲಯವನ್ನು 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ತೆರೆದರು. ಊರಿನಿಂದ ಹೊಸದಾಗಿ ಬಂದವರನ್ನು ಅಲ್ಲಿಗೆ ಕರೆದೊಯ್ದು ತೋರಿಸುವುದು ನಮ್ಮ ಹಿರಿಯರ ಕಾಲದ ಒಂದು ಉಪಚಾರವೇ ಆಗಿತ್ತು. ಆದರೆ ಮೀನು ಸಾಕಬೇಕೆಂದು ನಾವು ಹಂಬಲಿಸಿದವರಲ್ಲ. 2023ರ ದೀಪಾವಳಿಯ ಹೊತ್ತಿಗೆ ನಮ್ಮ ಮಜಲಿನಲ್ಲಿ ಒಬ್ಬರು ಖೋಲಿ ಖಾಲಿಮಾಡಿದರು. ಹೋಗುವಾಗ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ನಮ್ಮ ಬಾಗಿಲಲ್ಲಿ ಇಟ್ಟರು. ಅದರಲ್ಲಿ ಹೆಬ್ಬೆಟ್ಟಿನಷ್ಟು ಉದ್ದದ ಐದು ಕಂಚುಬಣ್ಣದ ಮೀನುಗಳಿದ್ದವು. ಹೆಸರೇನೆಂದು ಅಂಗಡಿಯಲ್ಲಿ ವಿಚಾರಿಸಿದೆವು. "ಕೋರಿ" ಎಂದರು. ಕಾರ್ಕಳದವರಿಗೆ ನಗು ತಡೆಯಲಾಗಲಿಲ್ಲ. ತುಳುವಿನಲ್ಲಿ ಕೋರಿ ಎಂದರೆ ಕೋಳಿ!

ಪೂರ್ತಿ ಹೆಸರು ಕೋರಿಡೋರಸ್. ದಕ್ಷಿಣ ಅಮೆರಿಕದ ಹೊಳೆಗಳ ಮೀನು. ಅದರ ಎದುರಿಗಿನ ಟ್ರಿನಿಡಾಡ್ ದ್ವೀಪದಿಂದ ಬಂದ ಮಾದರಿಗಳನ್ನು ನೋಡಿ ಥಿಯೊಡೋರ್ ಗಿಲ್ ಎಂಬ ವಿಜ್ಞಾನಿ 1858ರಲ್ಲಿ ಇದನ್ನು ವರ್ಣಿಸಿದನು. 2024ರಲ್ಲಿ ಪಂಡಿತರು ಈ ಕುಟುಂಬದ ವಿಂಗಡಣೆಯನ್ನು ಮತ್ತೆ ಮಾಡಿ, ನಮ್ಮ ಕಂಚು ಮೀನನ್ನು ಆಸ್ಟಿಯೊಗ್ಯಾಸ್ಟರ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಅಂಗಡಿಯವರಿಗೆ ಇನ್ನೂ ಅದು ಕೋರಿಯೇ. ಬಾಯಿಯ ಸುತ್ತ ಎಳೆ ಮೀಸೆಗಳು, ಮೈಮೇಲೆ ಚಿಪ್ಪುಗಳ ಬದಲು ಎರಡು ಸಾಲು ಎಲುಬಿನ ಹಲಗೆಗಳು, ಯಾವಾಗಲೂ ತಳದಲ್ಲೇ ಮೂಸುತ್ತ ತಿರುಗುವ ಸ್ವಭಾವ. ಆಗಾಗ ಬಾಣದಂತೆ ಮೇಲಕ್ಕೇರಿ ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತದೆ. ಉಸಿರು ಕಟ್ಟಿ ಒದ್ದಾಡುತ್ತಿದೆ ಎಂದು ನಾವು ಮೊದಲ ದಿನ ಗಾಬರಿಪಟ್ಟೆವು. ನುಂಗಿದ ಗಾಳಿಯ ಪ್ರಾಣವಾಯುವನ್ನು ಕರುಳಿನಲ್ಲಿ ಹೀರಿಕೊಳ್ಳುವ ಶಕ್ತಿ ಇವಕ್ಕಿದೆ ಎಂದು ಆಮೇಲೆ ತಿಳಿಯಿತು. ನಮ್ಮ ಕಡೆಯ ಗದ್ದೆ-ತೋಡುಗಳ ಮುಗುಡು ಮೀನಿಗೂ ಗಾಳಿ ಉಸಿರಾಡುವ ಶಕ್ತಿ ಉಂಟು. ಅದರ ಅಂಗ ಬೇರೆ, ಕಿವಿರಿನ ಮೇಲ್ಗಡೆ ಇದೆ.

ಅಂಗಡಿಯವರು ಇನ್ನೊಂದು ಮಾತು ಹೇಳಿದ್ದರು: "ಇವಕ್ಕೆ ಬೇರೆ ಕೂಳು ಬೇಕಿಲ್ಲ, ಉಳಿದ ಮೀನುಗಳ ಹೊಲಸು ತಿಂದು ಬದುಕುತ್ತವೆ." ಮಹನೀಯರೇ, ಇದು ಶುದ್ಧ ಸುಳ್ಳು. ತಳಕ್ಕೆ ಬಿದ್ದ ಕೂಳನ್ನು ಹುಡುಕಿ ತಿನ್ನುತ್ತದೆ ಎಂಬುದು ನಿಜ. ಹೊಲಸು ತಿನ್ನುತ್ತದೆ ಎಂಬುದು ನಿಜವಲ್ಲ. ಹೊಲಸಿನಲ್ಲಿ ಇದರ ಮೀಸೆ ಸವೆದು ಹೋಗುತ್ತದೆ. ಕೆಳಗೆ ಕುಳಿತು ಕೆಲಸ ಮಾಡುವವನಿಗೆ ಎಂಥ ಜಾಗವಾದರೂ ನಡೆದೀತು ಎಂದು ತಿಳಿಯುವ ಜನರು ಮೀನಿನ ಅಂಗಡಿಯಲ್ಲಿ ಮಾತ್ರ ಇಲ್ಲ, ಇರಲಿ. ಈ ಒಂದು ತಪ್ಪು ತಿಳಿವಳಿಕೆಗಾಗಿ ನಾವು ಮುಂದೆ ತೆತ್ತ ಬೆಲೆಯೇ ಈ ಭಾಷಣದ ವಿಷಯ.

2024ರ ಜೂನಿನಲ್ಲಿ ಮಳೆ ಹಿಡಿಯಿತು. ನಲ್ಲಿಯ ನೀರು ತಣ್ಣಗಾಯಿತು. ಒಂದು ರವಿವಾರ ತೊಟ್ಟಿಯ ಅರ್ಧ ನೀರು ತೆಗೆದು ತಣ್ಣೀರು ತುಂಬಿದೆವು. ಮಾರನೆಯ ಬೆಳಿಗ್ಗೆ ತೊಟ್ಟಿಯಲ್ಲಿ ಮದುವೆಮನೆಯ ಗದ್ದಲ! ದಪ್ಪ ಹೆಣ್ಣೊಂದು ಮುಂದೆ, ಸಣಕಲು ಗಂಡುಗಳೆರಡು ಹಿಂದೆ. ಮಳೆಗಾಲದ ಹೊಸ ತಣ್ಣೀರು ಬಂತೆಂದರೆ ಇವಕ್ಕೆ ತತ್ತಿಯಿಡುವ ಕಾಲ ಬಂತೆಂದು ಅರ್ಥ. ಮೊದಲ ಮಳೆಗೆ ಹೊಳೆ ಬಿಟ್ಟು ಗದ್ದೆಗೆ ಹತ್ತುವ ಮೀನನ್ನು ಹಿಡಿಯಲು ದೀವಟಿಗೆ ಹಿಡಿದು ಹೋದ ನೆನಪು ಹೊನ್ನಾವರದವರಿಗೆ ಇತ್ತು. ಅವರಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಹೆಣ್ಣು ತನ್ನ ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ, ಅದರಲ್ಲಿ ನಾಲ್ಕಾರು ತತ್ತಿ ಹಿಡಿದು, ಗಾಜಿನ ಮೇಲೆ ಒಂದು ಜಾಗವನ್ನು ಬಾಯಿಂದ ಉಜ್ಜಿ, ಅಲ್ಲಿ ಅಂಟಿಸುತ್ತದೆ. ಗಂಡಿನ ಬೀಜರಸವನ್ನು ಹೆಣ್ಣು ಬಾಯಿಂದ ಕುಡಿದು, ಅದು ಕರುಳಿನ ಮೂಲಕ ಹಾದು ಬಂದು ಬೊಗಸೆಯ ತತ್ತಿಗಳನ್ನು ಫಲಗೊಳಿಸುತ್ತದೆಂದು ಜಪಾನಿನ ಸಂಶೋಧಕರು 1995ರಲ್ಲಿ ಪ್ರಕಟಿಸಿದರು. ಸೃಷ್ಟಿಯಲ್ಲಿ ಇಂಥದೂ ಒಂದು ದಾರಿ ಇದೆ ಎಂದು ನಾವು ಕೇಳಿದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಮುಂಗಾಜಿನ ತುಂಬ ಬಿಳಿಯ ಕಾಳುಗಳು. ಪಕ್ಕದ ಖೋಲಿಯ ಕಾಕೂ ಇಣುಕಿ ನೋಡಿ, "ಗಾಜಿಗೆ ಸಾಬುದಾಣಿ ಯಾಕೆ ಮೆತ್ತಿದ್ದೀರೋ?" ಎಂದು ಕೇಳಿದರು.

ಇಟ್ಟ ತತ್ತಿಯನ್ನು ಅಪ್ಪ ಅಮ್ಮಂದಿರೇ ತಿಂದುಬಿಡುತ್ತವೆ. ಆದ್ದರಿಂದ ಬೇರೆ ಮಾಡಬೇಕು. ಮೊದಲ ತಾಸು ಅವು ಮೆತ್ತಗಿರುತ್ತವೆ. ಎರಡು ಮೂರು ತಾಸು ಬಿಟ್ಟರೆ ಗಟ್ಟಿಯಾಗುತ್ತವೆ. ಆಗ ಬೆರಳಿನಿಂದ ಮೆಲ್ಲನೆ ಉರುಳಿಸಿದರೆ ಕಳಚಿ ಬರುತ್ತವೆ. ನಾವು ಹಳೆಯ ನೌಕರಿಯ ಪ್ಲಾಸ್ಟಿಕ್ ಗುರುತಿನ ಚೀಟಿಯಿಂದ ಎಬ್ಬಿಸಿದೆವು. ಆ ನೌಕರಿಯಿಂದ ಆದ ಪ್ರಯೋಜನ ಅದೊಂದೇ. ಅಗಲವಾದ ಪ್ಲಾಸ್ಟಿಕ್ ಡಬ್ಬದಲ್ಲಿ ಅದೇ ತೊಟ್ಟಿಯ ನೀರು ನಾಲ್ಕೈದು ಅಂಗುಲ ತುಂಬಿ, ಗಾಳಿಯ ಪಂಪಿನ ನಳಿಕೆ ಇಳಿಬಿಟ್ಟು, ನೀರು ತೆಳು ನೀಲಿಯಾಗುವಷ್ಟು ಮಿಥಿಲೀನ್ ಬ್ಲೂ ಹನಿಸಿದರೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಫಲಗೊಳ್ಳದ ತತ್ತಿ ಒಂದೆರಡು ದಿನಗಳಲ್ಲಿ ಸುಣ್ಣದಂತೆ ಬೆಳ್ಳಗಾಗಿ ನೂಲು ನೂಲಾದ ಬೂಷ್ಟು ಬೆಳೆಸಿಕೊಳ್ಳುತ್ತದೆ. ಅದನ್ನು ಆಗಿಂದಾಗ ಆರಿಸಿ ತೆಗೆಯದಿದ್ದರೆ ಪಕ್ಕದ ಜೀವಂತ ತತ್ತಿಗಳಿಗೂ ಹಬ್ಬುತ್ತದೆ. ಮಕ್ಕಳಿಗೆ ಔಷಧ ಹನಿಸುವ ಡ್ರಾಪರ್ ಈ ಕೆಲಸಕ್ಕೆ ಬಲು ಚೆನ್ನು. ಒಳ್ಳೆಯ ತತ್ತಿ ದಿನದಿನಕ್ಕೆ ಕಂದಾಗುತ್ತ ಹೋಗುತ್ತದೆ. ಮುಂಬಯಿಯ ಮಳೆಗಾಲದ ಉಷ್ಣಮಾನದಲ್ಲಿ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ.

ಇಲ್ಲಿಯವರೆಗೆ ಎಲ್ಲ ಸುಗಮ. ಮರಿ ಹೊರಗೆ ಬಂದ ಮೇಲಿನ ಕಥೆ ಬೇರೆ.

ಹುಟ್ಟಿದ ಮರಿ ಅರ್ಧ ಸೆಂಟಿಮೀಟರಿನಷ್ಟು ಉದ್ದ. ಬಾಲ ಸೇರಿಸಿದ ಒಂದು ಅಲ್ಪವಿರಾಮ ಚಿಹ್ನೆ ಎನ್ನಿ. ಹೊಟ್ಟೆಯ ಕೆಳಗೆ ಹಳದಿಯ ಗಂಟೊಂದು ಅಂಟಿಕೊಂಡಿರುತ್ತದೆ. ಅದು ತಾಯಿ ಕಟ್ಟಿಕೊಟ್ಟ ಬುತ್ತಿ. ಅದು ಮುಗಿಯುವತನಕ, ಅಂದರೆ ಸುಮಾರು ಎರಡು ದಿನ, ಮರಿಗೆ ಬೇರೆ ಆಹಾರ ಬೇಡ, ಕೊಟ್ಟರೂ ತಿನ್ನುವುದಿಲ್ಲ. ನಮಗೆ ಇದು ತಿಳಿದಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಹೇಳಲು ಅವರ ಒಪ್ಪಿಗೆ ಪಡೆದಿದ್ದೇವೆ. ಆ ವರ್ಷದ ಮೇ ತಿಂಗಳಲ್ಲಿ ನಮ್ಮಲ್ಲಿಯ ಇಂಡಿಯವರಿಗೆ ಗಂಡುಮಗು ಹುಟ್ಟಿತ್ತು. ಹೆಂಡತಿ ತವರಿನಲ್ಲಿ, ಇವರಿಗೆ ರಜೆ ಇಲ್ಲ. ಕೂಸನ್ನು ಫೋನಿನ ಗಾಜಿನಲ್ಲಿ ನೋಡಿದ್ದೇ ನೋಡಿದ್ದು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದವರು ಮಲಗದೆ ಡಬ್ಬದ ಮುಂದೆ ಕೂರುತ್ತಿದ್ದರು. ನೂರರ ಹತ್ತಿರ ಮರಿಗಳು ತಳದಲ್ಲಿ ಸುಮ್ಮನೆ ಬಿದ್ದಿರುವುದನ್ನು ಕಂಡು, "ಹಸಿದಾವ, ಬಾಯಿ ಬಂದಿಲ್ಲಂತ ಉಪಾಸ ಕೆಡವೂದೇನು?" ಎಂದು, ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ನೀರಿಗೆ ಬಿಟ್ಟರು. ಮಧ್ಯಾಹ್ನ ಇನ್ನೊಮ್ಮೆ. ನಾವಿಬ್ಬರೂ ತಡೆಯಲಿಲ್ಲ, ಬದಲು ಸಂಜೆ ಬಂದು ನಮ್ಮ ಪಾಲಿನದನ್ನೂ ಹಾಕಿದೆವು. ಮೂರನೆಯ ಬೆಳಿಗ್ಗೆ ನೀರು ಅಕ್ಕಿ ತೊಳೆದ ನೀರಿನಂತಾಗಿ ನಾರುತ್ತಿತ್ತು. ಒಂದು ಮರಿಯೂ ಉಳಿದಿರಲಿಲ್ಲ. ಅವರು ಆ ದಿನ ಊಟ ಮಾಡಲಿಲ್ಲ. ಸತ್ತದ್ದು ಮೀನು, ಅತ್ತದ್ದು ಬೇರೆ ಯಾವುದಕ್ಕೋ ಎಂದು ನಮಗೆ ಗೊತ್ತಿತ್ತು. ನಾವು ಏನೂ ಕೇಳಲಿಲ್ಲ.

ಎರಡು ವಾರ ಕಳೆದು ಮತ್ತೆ ತತ್ತಿಯಿಟ್ಟವು. ಈ ಸಲ ಮೊಟ್ಟೆಯ ಹಳದಿಯನ್ನು ಮುಟ್ಟಲಿಲ್ಲ. ಅಂಗಡಿಯ ಪುಡಿ ಆಹಾರವನ್ನು ಇನ್ನೂ ನುಣ್ಣಗೆ ಅರೆದು ಮೂರನೆಯ ದಿನದಿಂದ ಚಿಟಿಕೆ ಚಿಟಿಕೆ ಹಾಕಿದೆವು. ಆದರೆ, "ಎಳೆ ಮರಿಗಳ ನೀರನ್ನು ಕದಲಿಸಬಾರದು" ಎಂದು ಯಾರೋ ಹೇಳಿದ್ದರು, ಅದನ್ನು ವೇದವಾಕ್ಯವೆಂದು ನಂಬಿದೆವು. ಐದನೆಯ ದಿನ ಡಬ್ಬದ ತಳದಲ್ಲಿ ಕೈಯಾಡಿಸಿದರೆ ಲೋಳೆ. ಮರಿಗಳ ಮೀಸೆ ಮೊಂಡಾಗಿತ್ತು. ಬಾಲದ ಅಂಚು ಕರಗಿತ್ತು. ಏಳನೆಯ ದಿನಕ್ಕೆ ಎಲ್ಲ ಮುಗಿಯಿತು. ನಾವು ಮೊದಲು ಅಂಗಡಿಯವರನ್ನು ಬೈದೆವು, ಆಮೇಲೆ ನಲ್ಲಿಯ ನೀರನ್ನು ಬೈದೆವು, ಕೊನೆಗೆ ಬೈಯಲು ಯಾರೂ ಉಳಿಯದಾದಾಗ ಓದಲು ಕುಳಿತೆವು.

ಓದಿ ತಿಳಿದದ್ದನ್ನು ಗುಮಾಸ್ತರ ಭಾಷೆಯಲ್ಲಿ ಹೇಳಬಹುದು. ಡಬ್ಬದೊಳಗೆ ಹಾಕಿದ ಪ್ರತಿಯೊಂದು ಚಿಟಿಕೆಯೂ ಒಂದು ಜಮೆ. ಮರಿ ತಿಂದದ್ದು ಅದರಲ್ಲಿ ಅಲ್ಪ. ತಿಂದದ್ದೂ ಮಲವಾಗಿ, ಕಿವಿರಿನ ಮೂಲಕ ಅಮೋನಿಯವಾಗಿ ಹೊರಬರುತ್ತದೆ. ತಿನ್ನದೆ ಉಳಿದದ್ದು ಕೊಳೆತು ಅದೂ ಅಮೋನಿಯವಾಗುತ್ತದೆ. ಖರ್ಚಿನ ದಾರಿ ಇಲ್ಲದಿದ್ದರೆ ಈ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಲ್ಪ ಪ್ರಮಾಣದಲ್ಲಿದ್ದರೆ ಮೂಗಿಗೂ ತಿಳಿಯುವುದಿಲ್ಲ, ಮರಿಯ ಕಿವಿರನ್ನು ಸುಡುತ್ತದೆ. ನೀರು ಬೆಚ್ಚಗಿದ್ದಷ್ಟೂ, ಕ್ಷಾರವಾಗಿದ್ದಷ್ಟೂ ಅದರ ವಿಷ ಹೆಚ್ಚು. ದೊಡ್ಡ ತೊಟ್ಟಿಯಲ್ಲಿ ಇದನ್ನು ತಿಂದು ನೈಟ್ರೈಟ್, ಅದರಿಂದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲು, ಮರಳು, ಸ್ಪಂಜುಗಳ ಮೇಲೆ ನೆಲೆಸಿರುತ್ತವೆ. ಹೊಸ ಡಬ್ಬದಲ್ಲಿ ಅವು ಇರುವುದಿಲ್ಲ; ತಾವಾಗಿ ನೆಲೆಗೊಳ್ಳಲು ಒಂದು ತಿಂಗಳು, ಒಂದೂವರೆ ತಿಂಗಳು ಬೇಕು. ನಮ್ಮ ಮರಿಗಳಿಗೆ ಅಷ್ಟು ಪುರಸೊತ್ತು ಎಲ್ಲಿಯದು? ಮೇಲಾಗಿ ಈ ಮರಿ ಬದುಕುವುದೇ ತಳದಲ್ಲಿ. ಬೇರೆ ಮೀನಿನ ಮರಿ ಮೇಲೆ ಈಜಿ ತಪ್ಪಿಸಿಕೊಂಡೀತು. ಇದು ಹೊಟ್ಟೆಯೂರಿ ಮಲಗುವ ಜಾಗದಲ್ಲೇ ಕೊಳೆಯ ಪದರ ಕೂರುತ್ತದೆ. ಹಸಿವಿನಿಂದ ಸತ್ತ ಮರಿಗಳಿಗಿಂತ ನಮ್ಮ ಉಪಚಾರದಿಂದ ಸತ್ತವೇ ಹೆಚ್ಚು ಎಂದು ಆಗ ತಿಳಿಯಿತು. ಆ ಸಂಜೆ ಖೋಲಿಯಲ್ಲಿ ಹೆಚ್ಚು ಮಾತು ನಡೆಯಲಿಲ್ಲ.

ಜುಲೈ ನಡುವಿನಲ್ಲಿ ಮೂರನೆಯ ಸಲ ತತ್ತಿಯಿಟ್ಟಾಗ ನಾವು ಗೋಡೆಯ ಮೇಲೆ ಪಾಳಿಯ ಪಟ್ಟಿ ಬರೆದು ಅಂಟಿಸಿದೆವು. ಬೆಳಿಗ್ಗೆ ಎಂಟಕ್ಕೆ ಇಂಡಿಯವರು, ಸಂಜೆ ಏಳಕ್ಕೆ ಗುಮಾಸ್ತರು, ರಾತ್ರಿ ಹನ್ನೊಂದಕ್ಕೆ ಹೋಟೆಲಿನವರು. ಯಾರು ಏನು ಹಾಕಿದರು, ಎಷ್ಟು ನೀರು ತೆಗೆದರು ಎಂದು ಗುರುತು ಹಾಕಬೇಕು. ಒಂದೇ ಕೂಳನ್ನು ಮೂವರೂ ಪ್ರೀತಿಯಿಂದ ಮೂರು ಸಲ ಹಾಕುವ ಅನಾಹುತ ಇದರಿಂದ ತಪ್ಪಿತು. ಪಾಳಿಯಲ್ಲಿ ದುಡಿಯುವ ನಮ್ಮಂಥವರಿಗೆ ಈ ವಿಷಯದಲ್ಲಿ ಸಂಸಾರವಂದಿಗರಿಗಿಂತ ಅನುಕೂಲ ಹೆಚ್ಚು ಎಂದು ನಮ್ಮ ಅಭಿಪ್ರಾಯ. ದಿನದ ಯಾವ ಹೊತ್ತಿನಲ್ಲೂ ಒಬ್ಬರು ಎದ್ದಿರುತ್ತಾರೆ.

ಈ ಸಲ ಡಬ್ಬಕ್ಕೆ ದೊಡ್ಡ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಇದ್ದ ಸ್ಪಂಜನ್ನು ತಂದು ಗಾಳಿಯ ನಳಿಕೆಗೆ ಸಿಕ್ಕಿಸಿದೆವು. ಕೊಳಕಾಗಿ ಕಾಣುತ್ತದೆಂದು ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ಅದರ ಕಂದು ಬಣ್ಣದಲ್ಲೇ ನಮಗೆ ಬೇಕಾದ ಸೂಕ್ಷ್ಮಜೀವಿಗಳ ವಾಸ, ನಲ್ಲಿಯ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಹಿಂಡಿದರೆ ಸಾಕು. ತತ್ತಿ ಒಡೆದ ಮೇಲೆ ನೀಲಿ ಔಷಧದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿ ತೆಗೆದು, ಆಮೇಲೆಯೇ ಸ್ಪಂಜು ಇಡತಕ್ಕದ್ದು; ಔಷಧ ಅದಕ್ಕೂ ಒಳ್ಳೆಯದಲ್ಲ.

ಕಾಡುಬಾದಾಮಿಯ ಒಣಗಿದ ಕೆಂಪು ಎಲೆ ಒಂದನ್ನು ತೊಳೆದು ತಳದಲ್ಲಿ ಹಾಸಿದೆವು. ಮುಂಬಯಿಯ ಬೀದಿಗಳಲ್ಲೂ ನಮ್ಮ ಕರಾವಳಿಯಲ್ಲೂ ಆ ಮರಕ್ಕೆ ಬರವಿಲ್ಲ. ಎಲೆಯ ಒಗರು ನೀರಿಗಿಳಿದು ಬೂಷ್ಟನ್ನು ತುಸು ತಡೆಯುತ್ತದೆ. ಎಲೆಯ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳನ್ನು ಮರಿಗಳು ಮೇಯುತ್ತವೆ. ಹೆದರಿದಾಗ ಅದರಡಿ ಅಡಗುತ್ತವೆ. ಬರಿಯ ತಳ ಲೇಸೋ ತೆಳುವಾದ ಮರಳು ಲೇಸೋ ಎಂದು ಬಲ್ಲವರಲ್ಲೇ ಎರಡು ಪಕ್ಷ. ಬರಿಯ ತಳವಾದರೆ ಕೊಳೆ ಕಾಣುತ್ತದೆ, ಕಂಡದ್ದನ್ನು ತೆಗೆಯಬಹುದು. ಆದ್ದರಿಂದ ನಾವು ಬರಿಯ ತಳದವರು.

ಇನ್ನು ನೀರು. ದಿನವೂ ಒಂದು ಸಲ, ಸಾಧ್ಯವಾದರೆ ಎರಡು ಸಲ, ಗಾಳಿಯ ನಳಿಕೆಯಷ್ಟೇ ಸಪೂರವಾದ ಕೊಳವೆಯಿಂದ ತಳದ ಕಸವನ್ನು ಹೀರಿ ತೆಗೆಯಬೇಕು. ನೀರು ಬಿಳಿಯ ಬೋಗುಣಿಗೆ ಬೀಳಲಿ, ಮೋರಿಗೆ ಬಿಡಬೇಡಿ. ಕಸದ ಜೊತೆಗೆ ಮರಿ ಬಂದಿದ್ದರೆ ಬಿಳಿಯ ತಳದಲ್ಲಿ ಕಾಣುತ್ತದೆ, ಡ್ರಾಪರಿನಿಂದ ಎತ್ತಿ ಹಿಂದಿರುಗಿಸಬಹುದು. ನಾವು ಹೀಗೆ ಒಂದೇ ದಿನ ಹನ್ನೊಂದು ಮರಿಗಳನ್ನು ಬೋಗುಣಿಯಿಂದ ವಾಪಸು ಪಡೆದದ್ದುಂಟು. ತಳವನ್ನು ಹತ್ತಿಯ ಕಡ್ಡಿಯಿಂದ ಒರೆಸಿದರೆ ಲೋಳೆ ಕೂರುವುದಿಲ್ಲ. ತೆಗೆದಷ್ಟೇ ನೀರನ್ನು, ಅದೇ ಉಷ್ಣಮಾನದ್ದನ್ನು, ಹನಿಹನಿಯಾಗಿ ಸೇರಿಸಬೇಕು. ಮೇಲಿನ ಬಕೇಟಿನಿಂದ ಕೊಳವೆ ಇಳಿಬಿಟ್ಟು ಅದಕ್ಕೆ ಒಂದು ಸಡಿಲ ಗಂಟು ಹಾಕಿದರೆ ಆಸ್ಪತ್ರೆಯ ಸಲಾಯಿನ್‌ನಂತೆ ಹನಿಯುತ್ತದೆ. ನಲ್ಲಿಯ ನೀರನ್ನು ಹಾಗೆಯೇ ಸುರಿಯಕೂಡದು. ಅಗಲ ಬಾಯಿಯ ಬಕೇಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೀನ್ ಬೆರೆಸುವ ಊರುಗಳಲ್ಲಿ ಹಾಗೆ ಹಾರುವುದಿಲ್ಲ; ಅಲ್ಲಿ ಮೀನಿನ ಅಂಗಡಿಯಲ್ಲಿ ದೊರೆಯುವ ಔಷಧವನ್ನು ಸೀಸೆಯ ಮೇಲೆ ಬರೆದ ಪ್ರಮಾಣದಲ್ಲಿ ಹಾಕಬೇಕು. ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ ಹರಳು ಅಂಥ ಔಷಧಗಳಲ್ಲಿ ಹಲವಕ್ಕೆ ಮೂಲದ್ರವ್ಯ.

ಆಹಾರದ ವಿಷಯ. ಬುತ್ತಿಯ ಗಂಟು ಕರಗಿದ ಮೇಲೆ ಮರಿಗೆ ಬೇಕಾದದ್ದು ಬಾಯಿಗೆ ಹಿಡಿಸುವಷ್ಟು ಸಣ್ಣದಾದ, ತಳಕ್ಕೆ ಮುಳುಗುವ, ಜೀವವಿರುವ ಆಹಾರ. ಜೀವವಿದ್ದರೆ ಅದು ತಿನ್ನುವತನಕ ಕೊಳೆಯದು. ಇದಕ್ಕೆ ಬಡವನ ಬಂಧು ಎಂದರೆ ಮೈಕ್ರೋವರ್ಮ್ ಎಂಬ ಬಿಳಿಯ ನೂಲುಹುಳು. ಓಟ್ಸನ್ನು ಗಟ್ಟಿ ಗಂಜಿಯಾಗಿ ಬೇಯಿಸಿ ಆರಿಸಿ, ಡಬ್ಬಿಯ ತಳದಲ್ಲಿ ಅರ್ಧ ಅಂಗುಲ ಹರಡಿ, ಚಿಟಿಕೆ ಯೀಸ್ಟ್ ಉದುರಿಸಿ, ಮೀನು ಸಾಕುವವರಿಂದ ತಂದ ಒಂದು ಚಮಚ ಹೆಪ್ಪನ್ನು ಅದಕ್ಕೆ ಸೇರಿಸಬೇಕು. ಹೆಪ್ಪು ಎಂದದ್ದು ಬೇಕೆಂದೇ; ಮೊಸರಿನ ಹಾಗೆಯೇ ಈ ಕೆಲಸ. ಮುಚ್ಚಳಕ್ಕೆ ತೂತು ಕೊರೆದು ಬಟ್ಟೆ ಕಟ್ಟಿ. ಕೆಲವೇ ದಿನಗಳಲ್ಲಿ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಿನಿಂದ ಸವರಿ ನೀರಿನಲ್ಲಿ ಅದ್ದಿದರೆ ಆಯಿತು. ಹಳತಾದ ಹಿಟ್ಟಿನಂತೆ ಹುಳಿವಾಸನೆ ಬರುತ್ತದೆ; ಕಾಕೂ ಅದನ್ನು ಇಡ್ಲಿಯ ಹಿಟ್ಟೆಂದು ತಿಳಿದು ಒಮ್ಮೆ ಮುಚ್ಚಳ ತೆರೆದರು, ಮತ್ತೆ ತೆರೆಯಲಿಲ್ಲ.

ಇನ್ನೊಂದು, ಉಪ್ಪುನೀರಿನ ಸಿಗಡಿಯ ಮರಿ. ಆರ್ಟಿಮಿಯ ಎಂದು ಹೆಸರು. ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಈ ಜೀವಿ ಉಂಟು. ನಮ್ಮ ಮುಂಬಯಿಯ ವಡಾಳಾ ಉಪ್ಪಿನಾಗರಗಳಲ್ಲೂ ಇದನ್ನು 1950ರ ದಶಕದಲ್ಲೇ ಗುರುತಿಸಿದ್ದರು. ಇದರ ಒಣ ತತ್ತಿ ಧೂಳಿನಂತಿದ್ದು ಸಣ್ಣ ಸೀಸೆಗಳಲ್ಲಿ ಮಾರಾಟವಾಗುತ್ತದೆ. ಬೆಲೆ ತುಸು ಹೆಚ್ಚು. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ತಲೆಕೆಳಗಾಗಿ ಕಟ್ಟಿದ ಸೋಡಾ ಬಾಟಲಿ, ಗಾಳಿಯ ನಳಿಕೆ, ಮೇಲೊಂದು ದೀಪ. ಇಷ್ಟಿದ್ದರೆ ಒಂದು ದಿನದಿಂದ ಒಂದೂವರೆ ದಿನದಲ್ಲಿ ಒಡೆಯುತ್ತದೆ. ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ, ಜೀವವಿದ್ದವು ಬೆಳಕಿನ ಕಡೆಗೆ ಕಿತ್ತಳೆ ಬಣ್ಣದ ಮೋಡದಂತೆ ಕೂಡುತ್ತವೆ. ಕೊಳವೆಯಿಂದ ಹೀರಿ, ದಟ್ಟ ನೇಯ್ಗೆಯ ಕರವಸ್ತ್ರದಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಸಿಹಿನೀರಿನಲ್ಲಿ ಅವು ಕೆಲವು ತಾಸು ಮಾತ್ರ ಬದುಕುವುದರಿಂದ ಮಿತವಾಗಿ ಹಾಕತಕ್ಕದ್ದು. ತಿಂದ ಅರ್ಧ ತಾಸಿನಲ್ಲಿ ಮರಿಗಳ ತಿಳಿಹೊಟ್ಟೆಯೊಳಗೆ ಕಿತ್ತಳೆ ಬಣ್ಣ ಕಾಣುತ್ತದೆ. ಅದನ್ನು ಮೊದಲ ಸಲ ಕಂಡ ರಾತ್ರಿ ನಾವು ಭೂತಗನ್ನಡಿ ಹಿಡಿದು ಒಂದೊಂದು ಹೊಟ್ಟೆಯನ್ನೂ ಎಣಿಸಿದೆವು. ಅರವತ್ತನಾಲ್ಕು.

ಆ ಮರಿಗಳಿಗೆ ಒಂದು ವಾರ ತುಂಬಿದಾಗ, ಜುಲೈ ಕೊನೆಯ ವಾರದಲ್ಲಿ, ಮಳೆ ಹುಯ್ಯಿತು. ಮುಂಬಯಿಯ ಮಳೆಯನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಇಂಡಿಯವರು ಗೋದಾಮಿಗೆ ಹೊರಟವರು ಠಾಣೆಯಲ್ಲಿ ಗಾಡಿ ನಿಂತು ಸಿಕ್ಕಿಬಿದ್ದರು. ಆಫೀಸಿನವರು ಆಫೀಸಿನ ಬೆಂಚಿನ ಮೇಲೆ, ಹೋಟೆಲಿನವರು ಹೋಟೆಲಿನಲ್ಲಿ. ಸಂಜೆ ಏಳಕ್ಕೆ ಕಟ್ಟಡದ ಕರೆಂಟೂ ಹೋಯಿತು. ಬೀಗದ ಕೈ ಕಾಕೂ ಹತ್ತಿರ ಇತ್ತು. ಅವರು ಮೇಣಬತ್ತಿ ಹಚ್ಚಿಕೊಂಡು ಒಳಗೆ ಹೋಗಿ ನೋಡಿ ಇಂಡಿಯವರಿಗೆ ಫೋನ್ ಮಾಡಿದರು. "ಬಾಳಾ, ಗುಳ್ಳೆ ನಿಂತಿದೆಯೋ. ಮರಿಗಳೆಲ್ಲ ತಳದಲ್ಲಿ ಬಿದ್ದಿವೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ, ಆ ಹುಳದ ಡಬ್ಬಿಯಿಂದ ಒಂದಿಷ್ಟು ಹಾಕಲೇ?"

ತಿಂಗಳ ಹಿಂದೆ ಬಾಯಿ ಬರದ ಮರಿಗೆ ಮೊಟ್ಟೆ ಹಿಂಡಿ ಹಾಕಿದವರು ಈಗ ಹೇಳಿದರು: "ಬ್ಯಾಡ ಕಾಕೂ. ಏನೂ ಹಾಕಬ್ಯಾಡ್ರಿ. ಹಸಿದ್ರ ಒಂದು ದಿನ ತಾಳತಾವ. ಒಂದು ಬಟ್ಟಲಾ ತಗೊಂಡು ನೀರು ಎತ್ತಿ ಎತ್ತಿ ಹುಯ್ಯಿರಿ, ಮ್ಯಾಲಿಂದ. ಅಷ್ಟೇ ಮಾಡ್ರಿ."

ಕಾಕೂ ಮತ್ತು ಅವರ ಮೊಮ್ಮಗ ಸರದಿಯ ಮೇಲೆ ಹತ್ತು ನಿಮಿಷಕ್ಕೊಮ್ಮೆ ಬಟ್ಟಲಿನಿಂದ ನೀರೆತ್ತಿ ಡಬ್ಬಕ್ಕೇ ಹುಯ್ಯುತ್ತ ಕುಳಿತರು. ಮೇಲಿಂದ ಬೀಳುವ ನೀರು ಗಾಳಿಯನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಪಂಪು ಮಾಡುವುದೂ ನೀರನ್ನು ಕದಲಿಸುವ ಇದೇ ಕೆಲಸ. ರಾತ್ರಿ ಎರಡೂವರೆಗೆ ಕರೆಂಟು ಬಂತು. ಬೆಳಿಗ್ಗೆ ನಾವು ಒಬ್ಬೊಬ್ಬರಾಗಿ ತೊಯ್ದು ಬಂದು ನೋಡಿದಾಗ ಮೊಮ್ಮಗ ಗೋಡೆಗೊರಗಿ ನಿದ್ದೆ ಹೋಗಿದ್ದ; ಬಟ್ಟಲು ಕೈಯಲ್ಲೇ ಇತ್ತು. ಸತ್ತ ಮರಿಗಳು ಐದು. ಮಿಕ್ಕವು ಎಲೆಯಡಿಯಿಂದ ಹೊರಬಂದು ತಳ ಮೂಸುತ್ತಿದ್ದವು.

ಆಮೇಲೆ ಹೆಚ್ಚು ಹೇಳುವಂಥದೇನೂ ನಡೆಯಲಿಲ್ಲ. ಅಲ್ಲೊಂದು ಇಲ್ಲೊಂದು ಸತ್ತವು. ಮೂರು ವಾರಕ್ಕೆ ಸೆಂಟಿಮೀಟರ್ ಉದ್ದವಾಗಿ, ಅಪ್ಪ ಅಮ್ಮಂದಿರ ಆಕಾರ ತಾಳಿದವು. ಎರಡು ತಿಂಗಳಿಗೆ ಎರಡು ಸೆಂಟಿಮೀಟರ್, ಮೈಗೆ ಕಂಚಿನ ಹೊಳಪು. ಆಗ ಎಣಿಸಿದಾಗ ನಲವತ್ತೊಂದು. ದಸರೆಗೆ ಇಂಡಿಯವರಿಗೆ ರಜೆ ಸಿಕ್ಕಿತು. ಮಗುವಿಗೆ ಆಗ ಐದು ತಿಂಗಳು. ಇವರ ಮೀಸೆ ಕಂಡು ಅತ್ತಿತಂತೆ. ಹನ್ನೆರಡು ದಿನ ಇದ್ದು, ಮಗು ಇವರ ತೋಳಿನಲ್ಲಿ ನಿದ್ದೆ ಹೋಗುವಷ್ಟು ಹೊಂದಿಕೊಂಡಾಗ ಹೊರಟು ಬಂದರು. ಬಂದವರು ಚೀಲ ಕೆಳಗಿಡುವ ಮೊದಲೇ ಡಬ್ಬದ ತಳ ನೋಡಿ, "ಎರಡು ದಿನದಿಂದ ಒರೆಸಿಲ್ಲಲ್ಲ" ಎಂದು ನಮ್ಮನ್ನು ಗದರಿದರು. ಸರಿಯಾಗಿಯೇ ಗದರಿದರು.

ಒಂದು ಎಚ್ಚರಿಕೆಯ ಮಾತು ಉಳಿದಿದೆ. ಮರಿಗಳು ಹೆಚ್ಚಾದಾಗ ಒಬ್ಬ ಹಿರಿಯರು, "ಕೆರೆಗೆ ಬಿಟ್ಟುಬಿಡಿ, ಪುಣ್ಯ ಬಂದೀತು" ಎಂದು ಸಲಹೆ ಕೊಟ್ಟರು. ಅವರ ಮನಸ್ಸು ಒಳ್ಳೆಯದು, ಸಲಹೆ ಒಳ್ಳೆಯದಲ್ಲ. ತೊಟ್ಟಿಯ ಗಾಜು ನೆಕ್ಕುತ್ತದೆಂದು ಮಾರುವ ಸಕ್ಕರ್ ಮೀನು, ಇದೂ ದಕ್ಷಿಣ ಅಮೆರಿಕದ್ದೇ, ಹೀಗೆ ಬಿಟ್ಟವರ ಕೈಯಿಂದ ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳನ್ನು ಸೇರಿ, ಬೆಸ್ತರ ಬಲೆಗೆ ಮುಳ್ಳಾಗಿ ಸಿಕ್ಕಿ ಬಲೆ ಹರಿಯುತ್ತಿದೆ. ಆಫ್ರಿಕದ ಮುಗುಡನ್ನು ಸಾಕಕೂಡದೆಂದು ಕೇಂದ್ರ ಸರಕಾರ 2000ದಲ್ಲೇ ನಿಷೇಧಿಸಿತು. ಅದು ನಮ್ಮ ಹೊಳೆಯ ಮೀನುಗಳನ್ನು ನುಂಗಿಹಾಕುತ್ತದೆ. ನಮ್ಮ ಕಂಚು ಕೋರಿ ಸಾಧು ಪ್ರಾಣಿ, ಆದರೂ ಅದರ ಕೆರೆ ಇದಲ್ಲ. ಹೆಚ್ಚಾದರೆ ಸಾಕುವವರಿಗೆ ಕೊಡಬೇಕು, ಇಲ್ಲವೆ ಅಂಗಡಿಗೆ ಕೊಡಬೇಕು, ಇಲ್ಲವೆ ತತ್ತಿಯನ್ನು ಗಾಜಿನ ಮೇಲೇ ಬಿಟ್ಟು ಅಪ್ಪ ಅಮ್ಮಂದಿರಿಗೆ ಒಪ್ಪಿಸಬೇಕು. ಈಗ ನಾವು ಮೂರನೆಯದನ್ನೇ ಮಾಡುತ್ತಿದ್ದೇವೆ. ವರ್ಷಕ್ಕೆ ಒಂದು ಸಲ ಮಾತ್ರ ಬೇರೆ ಮಾಡುತ್ತೇವೆ.

ಈ ವರ್ಷದ ಮರಿಗಳಲ್ಲಿ ಹದಿನೆಂಟನ್ನು ವಾಚನಾಲಯದ ಬಂಧುಗಳಿಗೆಂದು ತೆಗೆದಿರಿಸಿದ್ದೇವೆ. ಇವು ಒಂಟಿಯಾಗಿ ಬಾಳುವ ಮೀನಲ್ಲ, ಗುಂಪಿನಲ್ಲಿ ತಿರುಗುವಂಥವು. ಆದ್ದರಿಂದ ಆರಾರರಂತೆ ಮೂವರಿಗೆ ಮಾತ್ರ, ಅದೂ ಒಂದು ತಿಂಗಳ ಮೊದಲೇ ತೊಟ್ಟಿ ಸಿದ್ಧಪಡಿಸಿ ನಮಗೆ ತೋರಿಸಿದವರಿಗೆ. ಹುಳದ ಹೆಪ್ಪು ಯಾರಿಗೆ ಬೇಕಾದರೂ ಧರ್ಮಾರ್ಥ. ಮುಂದಿನ ರವಿವಾರ ಬರುವಾಗ ಮುಚ್ಚಳವಿರುವ ಒಂದು ಸಣ್ಣ ಡಬ್ಬಿ ತನ್ನಿರಿ. ಡಬ್ಬಿಯ ಮೇಲೆ ಹೆಸರು ಬರೆಯಲು ಮರೆಯಬೇಡಿ. ಕಾಕೂ ಮೊಮ್ಮಗನೂ ಒಂದನ್ನು ಕೇಳಿದ್ದಾನೆ, ಅದಲುಬದಲಾದೀತು.